ಒಂದು ಮೀಟರ್ ದಾರ

ದೋಸೆ ಹಿಟ್ಟು ಮತ್ತೆ ಉಕ್ಕಿತ್ತು. ಪಾತ್ರೆಯ ಕಂಠ ದಾಟಿ, ಮುಚ್ಚಿದ ತಟ್ಟೆಯನ್ನು ಓರೆ ಮಾಡಿ, ಕಟ್ಟೆಯಿಂದ ನೆಲಕ್ಕಿಳಿದಿತ್ತು. ಸೂರಮ್ಮ ಮಂಡಿಯೂರಿ ಕುಳಿತು ಸೌಟಿನ ಅಂಚಿನಿಂದ ಅದನ್ನು ಬಳಿಯುತ್ತಿದ್ದಳು. ಹುಳಿ ವಾಸನೆ ಮೂಗಿಗೆ ಅಡರುತ್ತಿತ್ತು.

“ದೊಡ್ಡ ಪಾತ್ರೆಗೆ ಹಾಕು ಅಂದಿದ್ನಲ್ಲವ್ವ,” ಎಂದಳು ಬಾಗಿಲಿಗೆ ಒರಗಿ ನಿಂತ ಮಗಳು ಪಾಲಮ್ಮ. ಒಂದು ಕೈ ಸೊಂಟದ ಮೇಲೆ, ಇನ್ನೊಂದು ಹೊಟ್ಟೆಯ ಮೇಲೆ. ತುಂಬು ಬಸುರಿ ಎಂದು ನೋಡಿದವರಿಗೆಲ್ಲ ತಿಳಿಯುವಂತಿದ್ದಳು. ಆಸ್ಪತ್ರೆಯ ಲೆಕ್ಕದಲ್ಲಿ ಮಾತ್ರ ಅವಳಿಗೆ ಎಂಟು ತಿಂಗಳು ಈಗಷ್ಟೇ ಮುಗಿದಿತ್ತು.

“ಇದೇ ದೊಡ್ಡದು ಕಣೆ. ಇಲ್ಲಿಗೆ ಬಂದ ವರ್ಷ ಸಣ್ಣದ್ರಾಗೆ ಹಾಕ್ತಿದ್ದೆ. ಆಮೇಲೆ ನಡುಗಾತ್ರದ್ದು. ಈಗ ಇದು. ಇನ್ನು ನೀರೊಲೆ ಹಂಡೆಗೇ ಹಾಕ್ಬೇಕು.”

ಕೆಲಸಕ್ಕೆ ಹೊರಟಿದ್ದ ಅಳಿಯ ಬೋಸಯ್ಯ ಚಪ್ಪಲಿ ಮೆಟ್ಟುತ್ತ ನಕ್ಕ. “ಅದು ಅತ್ತೆ ಕೈಗುಣ. ಟೀಚರ್ ಕೈ ತಾಗಿದ್ರೆ ಹಿಟ್ಟೂ ಪಾಸಾಗಿ ಮುಂದಿನ ಕ್ಲಾಸಿಗೆ ಹೋಗ್ಬಿಡ್ತೈತೆ.”

“ಹೋಗಪ್ಪ, ನಿನ್ ಕೈಗುಣ ನಾನು ಕಂಡಿಲ್ವಾ? ನೀನು ದೀಪ ಹಚ್ಚಿದ್ರೆ ಊರಿಗೇ ನಿದ್ದೆ ಬರಲ್ಲ.”

ಮಾತು ತಮಾಷೆಯದೇ, ಆದರೆ ಸುಳ್ಳಲ್ಲ. ಹೊದಿಕೆಯೂರಿನಲ್ಲಿ ಹಗಲು ತರುವವನು ಬೋಸಯ್ಯನೇ, ರಾತ್ರಿ ತರುವವನೂ ಅವನೇ. ಹುಲ್ಲುಗಾವಲಿನ ನಡುವೆ ಬೋಗುಣಿ ಕವುಚಿಟ್ಟ ಹಾಗೆ ಕಟ್ಟಿದ ಊರು ಅದು. ಮುನ್ನೂರು ಮನೆ, ಒಂದು ಶಾಲೆ, ಒಂದು ಆಸ್ಪತ್ರೆ, ಒಂದು ಉಗ್ರಾಣ. ಆಕಾಶ ಕಾಣಿಸುವ ಒಂದು ಕಿಂಡಿಯೂ ಇಲ್ಲ. ಸೂರಿನ ತುಂಬ ದೀಪಗಳು. ಅವು ಹೊತ್ತಿದರೆ ಬೆಳಗು, ಆರಿದರೆ ರಾತ್ರಿ. ಮುಂದೊಂದು ಕಾಲಕ್ಕೆ ಮನುಷ್ಯರು ದೂರದ ಯಾವುದೋ ನೆಲದಲ್ಲಿ ಹೀಗೆ ಮುಚ್ಚಿದ ಊರು ಕಟ್ಟಿಕೊಂಡು ಬಾಳಬೇಕಾದರೆ ಆದೀತೇ ಎಂದು ನೋಡುವ ಪ್ರಯೋಗ. ನಾಲ್ಕು ಸಾವಿರ ದಿನ ಒಳಗಿದ್ದವರಿಗೆ ಹೊರಗೆ ನೀರಿರುವ ಕಡೆ ಒಂದು ಮನೆ ಎಂದು ಮಾತಾಗಿತ್ತು. ಒಳಗೆ ಬರುವಾಗ ಎಲ್ಲರೂ ಫೋನು, ಕೈಗಡಿಯಾರಗಳನ್ನು ಬಾಗಿಲಲ್ಲಿ ಒಪ್ಪಿಸಿ ಬಂದಿದ್ದರು. ಊರ ಎಲ್ಲ ಗೋಡೆ ಗಡಿಯಾರಗಳೂ ನಿಯಂತ್ರಣ ಕೊಠಡಿಯಿಂದ ಬರುವ ಒಂದೇ ತಂತಿಗೆ ಸೇರಿದವು. ಚೌಕದಲ್ಲೊಂದು ಫಲಕ: ಉಳಿದ ದಿನಗಳು. ಈಗ ಅದು ನೂರೈವತ್ತರ ಆಸುಪಾಸಿಗೆ ಬಂದಿತ್ತು.

ಹಿಟ್ಟಿನ ಕಥೆ ಹೀಗಾಯಿತೆಂದು ಸೂರಮ್ಮ ರೊಟ್ಟಿಯನ್ನಾದರೂ ತಟ್ಟೋಣವೆಂದು ರಾಗಿ ಹಿಟ್ಟಿನ ಡಬ್ಬಕ್ಕೆ ಕೈ ಹಾಕಿದಳು. ಬೆರಳಿಗೆ ನೀಲಿ ಲಕೋಟೆ ತಾಗಿತು.

ಪ್ರತಿ ಮನೆಗೂ ಒಂದೊಂದು ಅಂಥ ಲಕೋಟೆ ಕೊಟ್ಟಿದ್ದರು. ಸಾಕೆನಿಸಿದವರು ಪತ್ರ ಬರೆದು ಹೆಬ್ಬಾಗಿಲ ಪಕ್ಕದ ಪೆಟ್ಟಿಗೆಗೆ ಹಾಕಬೇಕು. ಅದು ನೇರ ಹೊರಗಿನ ಪರಿಶೀಲನಾ ಸಮಿತಿಗೆ ಹೋಗುತ್ತದೆ, ಬಾಗಿಲು ತೆರೆಯುತ್ತದೆ. ಆದರೆ ಬಾಗಿಲು ಒಬ್ಬರಿಗಾಗಿ ತೆರೆದರೂ ಎಲ್ಲರ ಪ್ರಯೋಗವೂ ಅಲ್ಲಿಗೆ ಮುಗಿಯಿತು. ಯಾರಿಗೂ ಮನೆ ಇಲ್ಲ. ಮೂರನೆಯ ವರ್ಷ ಗಂಡ ತಿಪ್ಪಯ್ಯ ಇಲ್ಲೇ ತೀರಿಕೊಂಡು, ಅವನನ್ನು ಮಣ್ಣು ಮಾಡಲು ಸ್ವಂತ ಮಣ್ಣು ಕೂಡ ಸಿಗದೆ ಹೋದಾಗ ಸೂರಮ್ಮ ಪತ್ರ ಬರೆದಿದ್ದಳು. ಅಕ್ಕಪಕ್ಕದವರು ಬಂದು ಕೂತರು. “ಇನ್ನೆಷ್ಟು ದಿನ ಬಿಡು ಸೂರಕ್ಕ, ಹೋದಷ್ಟು ಹೋಗೈತೆ,” ಎಂದರು. ಸರಿ ಅನ್ನಿಸಿತು. ಮರುವರ್ಷವೂ ಸರಿ ಅನ್ನಿಸಿತು. ಪತ್ರದಲ್ಲಿ ಎಲ್ಲ ಇತ್ತು, ತಾರೀಖೊಂದನ್ನು ಬಿಟ್ಟು. ಹಾಕುವ ದಿನ ಬರೆದರಾಯಿತೆಂದು ಜಾಗ ಬಿಟ್ಟಿದ್ದಳು.

ಲಕೋಟೆಯನ್ನು ಮತ್ತೆ ಹಿಟ್ಟಿನೊಳಗೆ ಒತ್ತಿ ಅವಳು ರೊಟ್ಟಿಗೆ ಕೂತಳು.

*

ಏಳನೆಯ ತರಗತಿಗೆ ಅಂದು ತೂಗುವ ಕಲ್ಲಿನ ಪಾಠ. ಸೂರಮ್ಮ ಕರಿಹಲಗೆಯ ಮೇಲೆ ಮೂರು ಸಾಲು ಎಳೆದಳು. ಚರಾಂಶ, ಸ್ವತಂತ್ರ, ಅವಲಂಬಿತ ಎಂದು ಪುಸ್ತಕದಲ್ಲಿದ್ದ ಮಾತುಗಳು ಮಕ್ಕಳ ನಾಲಿಗೆಯ ಮೇಲೆ ನಿಲ್ಲುತ್ತಿರಲಿಲ್ಲ. ಅದಕ್ಕೆ ಅವಳದೇ ಹೆಸರುಗಳಿದ್ದವು: ನಾವು ಬದಲಾಯಿಸಿದ್ದು. ಅದರಿಂದ ಬದಲಾದದ್ದು. ಬದಲಾಗದ ಹಾಗೆ ಹಿಡಿದಿಟ್ಟದ್ದು.

“ಯಾವ ಪ್ರಯೋಗ ಬಂದ್ರೂ ಮೊದ್ಲು ಈ ಮೂರು ಕೇಳ್ಬೇಕು. ಮೂರನೇದನ್ನ ಮರೆತ್ರೆ ಮೊದಲೆರಡೂ ಸುಳ್ಳು. ಗೊತ್ತಾಯ್ತಾ?”

“ಗೊತ್ತಾಯ್ತು ಟೀಚರ್,” ಎಂದು ರಾಗ ಎಳೆದರು ಮಕ್ಕಳು.

ತೊಲೆಯ ಮೊಳೆಯಿಂದ ದಾರ ಇಳಿಬಿಟ್ಟು, ಕೆಳಗೆ ಕಲ್ಲು ಕಟ್ಟಿ, ಸ್ವಲ್ಪ ಎಳೆದು ಬಿಡುವುದು. ಒಬ್ಬರು ಗಡಿಯಾರ ನೋಡುವುದು, ಒಬ್ಬರು ತೂಗಿದ್ದನ್ನು ಎಣಿಸುವುದು. ದಾರ ಒಂದು ಮೀಟರ್ ಇದ್ದರೆ ನಿಮಿಷಕ್ಕೆ ಮೂವತ್ತು ಸಲ ಹೋಗಿ ಬರುತ್ತದೆ ಎಂದು ಪುಸ್ತಕ ಹೇಳುತ್ತದೆ. ಓಬಳೇಶನ ಗುಂಪು ಮೊದಲು ಮುಗಿಸಿತು.

“ಮೂವತ್ತು ಟೀಚರ್! ಕರೆಕ್ಟಾಗಿ!”

ಕಿಟಕಿಯ ಪಕ್ಕದ ಗುಂಪಿನಲ್ಲಿದ್ದ ಚಿನ್ನಕ್ಕ ಮುಖ ಗಂಟು ಹಾಕಿ ನಿಂತಿದ್ದಳು. ಹುಡುಗಿ ಉದ್ದ ಕಾಲಿನವಳು, ಜಗಳಗಂಟಿ, ಉಗ್ರಾಣದ ತಕ್ಕಡಿ ನೋಡಿಕೊಳ್ಳುವವರ ಮಗಳು. “ನಮ್ದು ಮೂವತ್ಮೂರು. ಮೂರು ಸಲ ಮಾಡಿದ್ವಿ. ಮೂರು ಸಲಾನೂ ಮೂವತ್ಮೂರು.”

“ನಿಮ್ಗೆ ಎಣ್ಸಕ್ಕೆ ಬರಲ್ಲ,” ಎಂದ ಓಬಳೇಶ. “ನಮ್ಗೆ ಮೂವತ್ತು ಬಂತು.”

“ನಿಮ್ಗೆ ಬಂದಿಲ್ಲ. ನೀವು ತರ್ಸಿದ್ದೀರಿ. ದಾರ ಉದ್ದ ಬಿಟ್ಟಿದ್ದು ನಾನು ನೋಡ್ದೆ.”

ತರಗತಿ ನಕ್ಕಿತು. ಸೂರಮ್ಮನೂ ನಗುತ್ತಲೇ, ಪ್ರತಿ ವರ್ಷ ಹೇಳುವ ಮಾತನ್ನೇ ಹೇಳಿದಳು. “ಹಳೇ ದಾರ ಕುಗ್ಗಿರ್ತೈತೆ ಚಿನ್ನಕ್ಕ. ಒಂದೀಟು ಬಿಡು, ಸರಿಹೋಗ್ತೈತೆ.”

“ಕುಗ್ಗಿಲ್ಲ ಟೀಚರ್. ಕೋಲು ಇಟ್ಟು ಅಳೆದೆ. ಸರಿಯಾಗಿ ಒಂದು ಮೀಟರ್. ಬಿಟ್ರೆ ಒಂದು ಮೀಟರ್ ಆಗಲ್ವಲ್ಲ? ಅದು ನಾವು ಹಿಡಿದಿಟ್ಟಿರೋದು ಅಂತ ನೀವೇ ಬರೆದಿದ್ದೀರಿ.”

ಸೂರಮ್ಮ ಹಲಗೆಯ ಮೂರನೆಯ ಸಾಲನ್ನು ನೋಡಿದಳು. ಆಮೇಲೆ ಓಬಳೇಶನ ಗುಂಪಿನ ದಾರವನ್ನು ಕೈಗೆ ತೆಗೆದುಕೊಂಡಳು. ಊರು ಶುರುವಾದಾಗಿನಿಂದ ಇದೇ ದಾರ. ಪ್ರತಿ ವರ್ಷದ ಮಕ್ಕಳೂ ಪುಸ್ತಕದ ಮೂವತ್ತು ಬರುವಲ್ಲಿಗೆ ದಾರ ಬಿಟ್ಟು, ಮುಂದಿನವರಿಗೆ ಕಷ್ಟವಾಗದಿರಲೆಂದು ಅಲ್ಲೊಂದು ಇಂಕಿನ ಗುರುತು ಹಾಕುತ್ತಿದ್ದರು. ಮೊದಲ ಗುರುತು ಮಾಸಿತ್ತು. ಅವಳು ಮೀಟರ್ ಕೋಲನ್ನು ಅದಕ್ಕೆ ಹಿಡಿದಳು. ಸರಿಯಾಗಿ ಒಂದು ಮೀಟರ್. ಎರಡನೆಯದು ಅದಕ್ಕಿಂತ ಒಂದು ಬೆರಳು ಕೆಳಗೆ. ಮೂರನೆಯದು ಇನ್ನೊಂದು ಬೆರಳು. ಹಾಗೇ ಕೆಳಗೆ, ಕೆಳಗೆ. ಓಬಳೇಶ ಈಗ ತಾನೇ ಹಾಕಿದ್ದ ಹಸಿ ಗುರುತು ಕೋಲಿನ ತುದಿಯಿಂದ ಒಂದು ಗೇಣು ಕೆಳಗಿತ್ತು.

ದಾರ ಕುಗ್ಗಿದ್ದರೆ ಒಂದು ವರ್ಷ ಕುಗ್ಗಬೇಕು, ಇನ್ನೊಂದು ವರ್ಷ ಹಿಗ್ಗಬೇಕು. ಇದು ಒಂದೇ ಕಡೆ ನಡೆದಿತ್ತು.

“ಸರಿ,” ಎಂದಳು. “ಚಿನ್ನಕ್ಕ ಹೇಳಿದ್ದು ಸರಿ ಅಂತ ಇಟ್ಕಳನ. ಹಂಗಾದ್ರೆ ಏನು ಬದಲಾಗೈತೆ? ಒಂದೊಂದೇ ಹೇಳಿ.”

“ಕಲ್ಲು ಭಾರ ಇರ್ಬೇಕು!”

ಹಗುರದ ಕಲ್ಲು ಕಟ್ಟಿದರು. ಮೂವತ್ಮೂರು. ಜೋರಾಗಿ ಎಳೆದು ಬಿಟ್ಟಿರಬೇಕು ಎಂದರು, ಮೆತ್ತಗೆ ಬಿಟ್ಟರು. ಮೂವತ್ಮೂರು. ಭೂಮಿಯ ಎಳೆತ ಇರಬಹುದು ಎಂದಳೊಬ್ಬಳು. ಊರು ಇದ್ದಲ್ಲೇ ಇದೆಯಲ್ಲ ಎಂದು ಉಳಿದವರೇ ಅವಳನ್ನು ಕೂರಿಸಿದರು. ಹಲಗೆಯ ಮೇಲೆ ಒಂದೊಂದಾಗಿ ಹೊಡೆದುಹಾಕುತ್ತ ಬಂದರು. ಕೊನೆಗೆ ಏನೂ ಉಳಿಯಲಿಲ್ಲ. ಗೋಡೆಯ ಗಡಿಯಾರದ ಮುಳ್ಳು ಟಕ್ ಟಕ್ ಎಂದು ಸರಿಯುತ್ತಿತ್ತು.

ಚಿನ್ನಕ್ಕ ಅದನ್ನೇ ನೋಡುತ್ತಿದ್ದಳು. “ಟೀಚರ್, ನಿಮಿಷ ಯಾವ ಸಾಲಿಗೆ ಬರ್ತೈತೆ?”

“ಮೂರನೇದಕ್ಕೆ. ಅದು ಬದಲಾಗಲ್ಲ.”

“ಯಾರು ಹಿಡಿದಿಟ್ಕಂಡವ್ರೆ?”

ಮಕ್ಕಳು ಗೊಳ್ಳೆಂದು ನಕ್ಕರು. ಯಾರೋ ನಿಮಿಷವನ್ನು ಮುಷ್ಟಿಯಲ್ಲಿ ಹಿಡಿದವರ ಹಾಗೆ ಅಭಿನಯಿಸಿದರು. ಸೂರಮ್ಮನಿಗೆ ನಗು ಬರಲಿಲ್ಲ. ಉಕ್ಕಿದ ಹಿಟ್ಟು ಅವಳ ಕಣ್ಣ ಮುಂದೆ ಬಂತು. ಬೆಳಗಾಗುವಷ್ಟರಲ್ಲಿ ಹುಳಿಯಾಗುವ ಮೊಸರು. ದೀಪ ಆರುವ ಮೊದಲೇ ತೂಕಡಿಸುವ ಮುದುಕರು, ದೀಪ ಹೊತ್ತುವ ಮೊದಲೇ ಎದ್ದು ಕತ್ತಲಲ್ಲಿ ಕೂರುವ ಮುದುಕರು. ಇಷ್ಟು ವರ್ಷ ಅವಳು ಪಾತ್ರೆ ಬದಲಾಯಿಸಿದ್ದಳು, ಉಪ್ಪು ಬಿಟ್ಟಿದ್ದಳು, ಉದ್ದು ಕಡಿಮೆ ಮಾಡಿದ್ದಳು. ರಾತ್ರಿಯ ಉದ್ದವನ್ನು ಅನುಮಾನಿಸಿರಲಿಲ್ಲ.

*

ಮಧ್ಯಾಹ್ನ ಬುತ್ತಿಯ ನೆಪ ಮಾಡಿಕೊಂಡು ಅವಳು ನಿಯಂತ್ರಣ ಕೊಠಡಿಗೆ ಹೋದಳು. ಒಂದು ಗೋಡೆ ತುಂಬ ಗಾಳಿ, ನೀರು, ಶಾಖದ ಅಂಕಿಗಳು. ಬೋಸಯ್ಯ ಒಬ್ಬನೇ ಇದ್ದ.

“ರೊಟ್ಟಿ ತಂದ್ಯಾ ಅತ್ತೆ? ನಾನು ದೋಸೆ ಕನಸು ಕಾಣ್ತಿದ್ದೆ.”

“ಬೋಸಯ್ಯ, ಬೆಳಗ್ಗೆ ಬಂದ ಕೂಡ್ಲೇ ನೀನು ಮೊದ್ಲು ಏನು ಮಾಡ್ತೀಯ?”

“ಹೊರಗಿಂದ ಒಂದು ಸಂಖ್ಯೆ ಬರ್ತೈತೆ. ಅದನ್ನ ಇಲ್ಲಿ ಒತ್ತೋದು. ಗಡಿಯಾರದ ತಿದ್ದುಪಡಿ ಅದು. ಒಳಗಡೆ ಒಂದು ಹರಳು ಐತೆ, ಅದು ಮಿಡೀತಾನೇ ಇರ್ತೈತೆ. ಎಷ್ಟು ಮಿಡಿತಕ್ಕೆ ಒಂದು ಸೆಕೆಂಡು ಅಂತ ಹೊರಗಿನೋರು ಹೇಳ್ತಾರೆ. ದೀಪ, ಗಡಿಯಾರ, ಫಲಕ ಎಲ್ಲಾ ಅದ್ರ ಮೇಲೇ ನಡೆಯೋದು.” ಅವನು ರೊಟ್ಟಿ ಮುರಿದ. “ಯಾಕೆ, ಮಕ್ಕಳಿಗೆ ಹೇಳ್ಕೊಡ್ಬೇಕಾ?”

“ತಿದ್ದುಪಡಿ ಅಂದ್ರೆ ಒಂದಿನ ಜಾಸ್ತಿ ಬರ್ಬೇಕು, ಒಂದಿನ ಕಮ್ಮಿ ಬರ್ಬೇಕು ಅಲ್ವಾ?”

“ಹೂಂ ಮತ್ತೆ.”

“ಕಮ್ಮಿ ಬಂದಿದ್ದು ಯಾವಾಗ?”

ಬೋಸಯ್ಯನ ಕೈಯಲ್ಲಿದ್ದ ತುತ್ತು ಬಾಯಿಯ ಹತ್ತಿರ ಹೋಗಿ ನಿಂತಿತು. ಅವನು ತೆರೆಯ ಕಡೆ ತಿರುಗಿದ, ಮತ್ತೆ ಅತ್ತೆಯ ಕಡೆ. “ಕಮ್ಮಿ... ಬಂದಿದ್ದು ನೆಪ್ಪಿಲ್ಲ ಅತ್ತೆ. ಕೂದಲೆಳೆಯಷ್ಟು ಜಾಸ್ತಿ. ದಿನಾ. ನಾನದನ್ನ ಯೋಚ್ನೆ ಮಾಡ್ಲಿಲ್ಲ.”

ಸೂರಮ್ಮ ದಾರವನ್ನು ಸೆರಗಿನಿಂದ ಬಿಚ್ಚಿ ಗುರುತುಗಳನ್ನು ತೋರಿಸಿದಳು. ಬೋಸಯ್ಯ ಬಹಳ ಹೊತ್ತು ಅದನ್ನು ಬೆರಳಲ್ಲಿ ಎಳೆಯುತ್ತ ಕುಳಿತ. ಆಮೇಲೆ ಎದ್ದು ಬಾಗಿಲು ಹಾಕಿದ.

“ಇದನ್ನ ಪಾಲಿ ಹತ್ರ ಹೇಳ್ಬ್ಯಾಡ. ಈ ಹೊತ್ನಾಗೆ ಬ್ಯಾಡ. ನೂರೈವತ್ತು ದಿನ, ಅತ್ತೆ. ನೂರೈವತ್ತೇ ದಿನ. ಬಾಯಿ ಮುಚ್ಕಂಡು ಕಳೆದುಬಿಟ್ರೆ ಆಯ್ತು.”

“ಯಾವ ದಿನ ಬೋಸಯ್ಯ? ಯಾರ ದಿನ?”

ಅಷ್ಟರಲ್ಲಿ ಪಕ್ಕದ ಮನೆಯಾಕೆ ಏದುಸಿರು ಬಿಡುತ್ತ ಓಡಿಬಂದಳು. ಪಾಲಮ್ಮನಿಗೆ ನೋವು ಶುರುವಾಗಿತ್ತು.

*

ಹೆರಿಗೆ ಸಲೀಸಾಗಿ ಆಯಿತು. ಹೆಣ್ಣು ಮಗು. ಮೂರು ಕೆಜಿಯ ಮೇಲಿತ್ತು, ತಲೆತುಂಬ ಕೂದಲು, ಊರಿಗೇ ಕೇಳುವಂಥ ಗಂಟಲು. ಸೂರಮ್ಮ ಒರೆಸಿ ಕೈಗೆತ್ತಿಕೊಳ್ಳುವ ಮೊದಲೇ ಸಿಸ್ಟರ್ ಜಯಶೀಲಾ ಮಗುವನ್ನು ಒಯ್ದು ಪಕ್ಕದ ಕೋಣೆಯ ಗಾಜಿನ ಪೆಟ್ಟಿಗೆಯಲ್ಲಿ ಮಲಗಿಸಿ ಮುಚ್ಚಳ ಹಾಕಿದಳು. ಅಲ್ಲಿ ಆಗಲೇ ಇನ್ನೂ ಮೂರು ಪೆಟ್ಟಿಗೆಗಳಿದ್ದವು. ಮೂರರಲ್ಲೂ ದುಂಡು ದುಂಡಾದ ಮಕ್ಕಳು ಕೈಕಾಲು ಆಡಿಸುತ್ತಿದ್ದವು.

“ಯಾಕಮ್ಮ ಒಳಗಿಟ್ಟೆ? ಹಾಲು ಕುಡಿಸ್ಲಿ ಅವಳು.”

“ತಿಂಗಳು ತುಂಬಿಲ್ಲ ಅಕ್ಕ. ಇಪ್ಪತ್ತೈದು ದಿನ ಕಮ್ಮಿ. ಅಷ್ಟು ದಿನ ತಾಯಿ ಮುಟ್ಟೋ ಹಂಗಿಲ್ಲ, ಹಾಲು ಕೊಳವೇಲಿ. ನಿಯಮ.”

“ತಿಂಗಳು ತುಂಬದ ಮಗು ಹಿಂಗಿರ್ತೈತಾ?”

ಜಯಶೀಲಾ ದನಿ ತಗ್ಗಿಸಿದಳು. “ನಂಗೂ ಕಣ್ಣೈತೆ ಅಕ್ಕ. ಉಗುರು ನೋಡಿದ್ರೆ ತುಂಬಿದ ಮಗು, ತೂಕ ನೋಡಿದ್ರೆ ತುಂಬಿದ ಮಗು. ಈಚೆಗೆ ಹುಟ್ಟೋವೆಲ್ಲ ಹಿಂಗೇ. ಇಲ್ಲಿ ಊಟ ಚೆನ್ನಾಗೈತೆ, ಅದಕ್ಕೆ ಅಂತ ನಾವು ಅನ್ಕಂಡಿದ್ವಿ. ನಿಯಮ ತಾರೀಖು ಕೇಳ್ತೈತೆ, ಮಗೂನ ಕೇಳಲ್ಲ.”

ಪಾಲಮ್ಮ ಮಂಚದ ಮೇಲೆ ಅತ್ತ ತಿರುಗಿ ಮಲಗಿದ್ದಳು. ಮಗು ಅತ್ತಾಗಲೆಲ್ಲ ಅವಳ ರವಿಕೆ ಒದ್ದೆಯಾಗುತ್ತಿತ್ತು. “ಅವ್ವ, ಒಂದ್ಸಲ ಎತ್ಕೊಳ್ಲಾ? ಒಂದೇ ಸಲ. ಯಾರಿಗೂ ಹೇಳ್ಬ್ಯಾಡ.” ಸೂರಮ್ಮ ಅವಳ ತಲೆ ನೇವರಿಸಿದಳು. ಪೆಟ್ಟಿಗೆಗೆ ಬೀಗವಿರಲಿಲ್ಲ, ಮುಚ್ಚಳ ಹಗುರ. ಆದರೆ ತೆಗೆದರೆ ನಿಯಂತ್ರಣ ಕೊಠಡಿಯಲ್ಲಿ ಗಂಟೆ ಹೊಡೆದು ಊರಿನ ಅಧಿಕಾರಿಗೂ ತಿಳಿಯುತ್ತದೆ.

ಕಿಟಕಿಯಾಚೆ ದೀಪಗಳು ಉರಿಯುತ್ತಲೇ ಇದ್ದವು. ಸಂಜೆ ಆಗಬೇಕಿತ್ತು. ಆಗುತ್ತಲೇ ಇರಲಿಲ್ಲ.

*

ಮರುದಿನ ಅವಳು ಮಕ್ಕಳಿಗೆ ಏನೂ ಹೇಳಲಿಲ್ಲ. ಹೇಳುವ ಅಗತ್ಯವೂ ಬೀಳಲಿಲ್ಲ. ಚಿನ್ನಕ್ಕ, ಓಬಳೇಶ ಇಬ್ಬರೂ ಜಗಳ ಮರೆತು ಹಲಗೆಯ ಮುಂದೆ ನಿಂತಿದ್ದರು. ದಾರದ ಪ್ರತಿ ಗುರುತಿನಿಂದ ಆ ವರ್ಷದ ನಿಮಿಷ ಎಷ್ಟು ಉದ್ದವಿತ್ತೆಂದು ಲೆಕ್ಕ ಹಾಕಿ ಕೂಡುತ್ತ ಹೋಗಿದ್ದರು. ಸೂರಮ್ಮ ಎರಡು ಸಲ ಪರೀಕ್ಷಿಸಿದಳು. ಕೂಡಿದ್ದರಲ್ಲಿ ತಪ್ಪಿರಲಿಲ್ಲ.

“ಹೊರಗಿನ ದಿನದಾಗೆ ಎಣಿಸಿದ್ರೆ ನಾಲ್ಕು ಸಾವಿರ ದಾಟೋಗೈತೆ ಟೀಚರ್,” ಎಂದ ಓಬಳೇಶ. ಅವನ ದನಿಯಲ್ಲಿ ಗೆದ್ದ ಖುಷಿ ಇರಲಿಲ್ಲ. “ಮುಗಿದೋಗೈತೆ. ಆಗ್ಲೇ ಮುಗಿದೋಗೈತೆ.”

ಅವಳು ದಾರ ಸುತ್ತಿಕೊಂಡು ಊರಿನ ಮುಖ್ಯಾಧಿಕಾರಿ ಗುರುಶಾಂತಪ್ಪನವರ ಕೋಣೆಗೆ ಹೋದಳು. ಅವರೂ ಮೊದಲ ದಿನ ಎಲ್ಲರೊಂದಿಗೆ ಒಳಗೆ ಬಂದವರು. ಬಂದಾಗ ಕಪ್ಪಗಿದ್ದ ಮೀಸೆ ಈಗ ಪೂರ್ತಿ ಬೆಳ್ಳಗಾಗಿತ್ತು. ಸೂರಮ್ಮ ದಾರವನ್ನು ಮೇಜಿನ ಮೇಲೆ ಉದ್ದಕ್ಕೆ ಬಿಡಿಸಿ, ನಡೆದದ್ದನ್ನು ಹೇಳಿದಳು. ಅವರು ಅಲ್ಲಗಳೆಯಲಿಲ್ಲ.

“ಕೂತ್ಕೊಳ್ಳಿ ಸೂರಮ್ಮನವರೇ. ಜನ ಹೋಗಬೇಕಾದ ಜಾಗದಲ್ಲಿ ಹಗಲು ನಮ್ಮ ಹಗಲಿಗಿಂತ ಉದ್ದ. ಅಲ್ಲಿಗೆ ಹೋದವರ ಮೈ ಅದಕ್ಕೆ ಒಗ್ಗುತ್ತದಾ? ನೋಡಬೇಕಾದ್ದು ಅದೇ. ಗೊತ್ತಿದ್ದು ಒಗ್ಗುವುದು ಬೇರೆ, ಗೊತ್ತಿಲ್ಲದೆ ಒಗ್ಗುವುದು ಬೇರೆ. ಹೇಳಿಬಿಟ್ಟಿದ್ದರೆ ಜನ ಮೊದಲ ದಿನದಿಂದಲೇ ನಿದ್ದೆ ಬರಲಿಲ್ಲ, ಸುಸ್ತು ಅಂತ ಶುರು ಮಾಡುತ್ತಿದ್ದರು. ಗಾಳಿ, ನೀರು, ಊಟ, ಶಾಖ ಎಲ್ಲ ಹಾಗೇ ಹಿಡಿದಿಟ್ಟು, ಹಗಲೊಂದನ್ನೇ ಬದಲಾಯಿಸಿದೆವು. ಒಪ್ಪಂದದಲ್ಲಿ ನಾಲ್ಕು ಸಾವಿರ ದಿನ ಅಂತಿದೆ. ಎಷ್ಟುದ್ದದ ದಿನ ಅಂತ ಯಾರೂ ಕೇಳಲಿಲ್ಲ.”

“ದಿನಾನೂ ಯಾರಾದ್ರೂ ಎಳೀಬಹುದು ಅಂತ ಯಾರಿಗೆ ಹೊಳೀತೈತೆ ಸ್ವಾಮಿ? ನಿಮ್ಮ ಹಗಲು ಅಲ್ಲಿ ನನ್ನ ಮೊಮ್ಮಗೂನ ಪೆಟ್ಟಿಗೇಲಿ ಮಲಗ್ಸೈತೆ.”

ಗುರುಶಾಂತಪ್ಪ ಕನ್ನಡಕ ತೆಗೆದು ಕಣ್ಣೊತ್ತಿಕೊಂಡರು. “ಅದನ್ನ ನಾನು ಸರಿ ಮಾಡಬಲ್ಲೆ. ಈಗಲೇ ಆಸ್ಪತ್ರೆಗೆ ಹೇಳುತ್ತೇನೆ, ನಿಮ್ಮ ಮಗಳ ತಾರೀಖು ತಪ್ಪಾಗಿ ಬರೆದಿತ್ತು ಅಂತ. ಮಧ್ಯಾಹ್ನದೊಳಗೆ ಮಗು ಮಡಿಲಲ್ಲಿರುತ್ತೆ. ನೀವು ಆ ದಾರವನ್ನ ಇಲ್ಲಿ ಬಿಟ್ಟು ಹೋಗಿ. ಮಕ್ಕಳಿಗೆ ಗಡಿಯಾರ ಕೆಟ್ಟಿತ್ತು ಅನ್ನಿ. ಇಷ್ಟು ವರ್ಷದ ಕೆಲಸ ಸೂರಮ್ಮನವರೇ. ಜನಕ್ಕೆ ತಿಳಿದರೆ ಅಲ್ಲಿಗೆ ಕೆಟ್ಟ ಹಾಗೆ.”

ಅವಳು ದಾರವನ್ನು ನೋಡುತ್ತ ಕುಳಿತಳು. ಮಧ್ಯಾಹ್ನದೊಳಗೆ. ಪಾಲಮ್ಮನ ಒದ್ದೆ ರವಿಕೆ ನೆನಪಾಯಿತು. ಸುಮ್ಮನೆ ಎದ್ದು ಹೋಗಿಬಿಟ್ಟರೆ ಆಯಿತು, ಎಷ್ಟು ಸುಲಭ. ಇಷ್ಟು ವರ್ಷ ಮಾಡಿದ್ದೂ ಅದನ್ನೇ ಅಲ್ಲವೇ, ಒಂದೀಟು ದಾರ ಬಿಡುವುದು, ಉತ್ತರ ಸರಿಹೋಗುವುದು.

“ನಿಮ್ಮನ್ನ ಒಂದು ಕೇಳ್ಲಾ?” ಎಂದಳು. “ಈಗ ದಿನ ಎಷ್ಟುದ್ದ ಐತೆ ಅಂತ ನಿಮಗೆ ಗೊತ್ತಾ?”

ಗುರುಶಾಂತಪ್ಪ ಕನ್ನಡಕ ಮತ್ತೆ ಹಾಕಿಕೊಂಡರು. “ಸಂಖ್ಯೆ ಹೊರಗಿನ ಸಂಶೋಧಕರು ಕಳಿಸುತ್ತಾರೆ. ಇಪ್ಪತ್ತರಲ್ಲಿ ಒಂದು ಪಾಲು ಉದ್ದವಾದ ಮೇಲೆ ನಿಲ್ಲಿಸುತ್ತೇವೆ ಅಂದಿದ್ದರು.” ಅವರ ಕಣ್ಣು ದಾರದ ಹಸಿ ಗುರುತಿನ ಮೇಲೆ ಹೋಯಿತು. “ಇದು... ಎಷ್ಟು ಬರುತ್ತೆ?”

“ಹತ್ತರಲ್ಲಿ ಒಂದು. ನಿಂತಿಲ್ಲ.”

“ನನಗೂ ಕೈಗಡಿಯಾರ ಇಲ್ಲ,” ಎಂದರು ಅವರು. ಆ ಮಾತನ್ನು ಅವರು ಅವಳಿಗಲ್ಲ, ಗೋಡೆಗೆ ಹೇಳಿದಂತಿತ್ತು. “ಹೊರಗೆ ನಮ್ಮ ತಾಯಿ ಇದ್ದರು. ಬರುವಾಗ ಎಂಬತ್ತು.”

“ಜನಕ್ಕೆ ತಿಳಿದ್ರೆ ಕೆಟ್ಟೋಗ್ತೈತೆ ಅಂದ್ರಿ. ಏಳನೇ ಕ್ಲಾಸಿಗೆ ನಿನ್ನೇನೇ ತಿಳಿದೋಗೈತೆ ಸ್ವಾಮಿ. ನೀವು ಹಿಡಿದಿಟ್ಟಿದ್ದು ಕೈಬಿಟ್ಟೋಯ್ತು.” ಅವಳು ದಾರವನ್ನು ಸುತ್ತತೊಡಗಿದಳು. ಗುರುಶಾಂತಪ್ಪ ಕೈ ಚಾಚಿದರು, ಆದರೆ ಹಿಡಿಯಲಿಲ್ಲ.

ಆಸ್ಪತ್ರೆಯಲ್ಲಿ ಬೋಸಯ್ಯ ಗಾಜಿಗೆ ಹಣೆ ಹಚ್ಚಿ ನಿಂತಿದ್ದ. ಸೂರಮ್ಮ ಮಂಚದ ಮೇಲೆ ಕುಳಿತು ಇಬ್ಬರಿಗೂ ಎಲ್ಲವನ್ನೂ ಹೇಳಿದಳು. ಗುರುಶಾಂತಪ್ಪ ಕೊಡುತ್ತೇನೆಂದದ್ದನ್ನೂ ಹೇಳಿದಳು. ನಿರ್ಧಾರ ಅವಳೊಬ್ಬಳದಲ್ಲ.

“ಪಾಲಿ, ನಾನು ಸುಮ್ಮನಿದ್ರೆ ಮಗು ಇವತ್ತೇ ನಿನ್ ಮಡಿಲಿಗೆ ಬರ್ತೈತೆ. ಪತ್ರ ಹಾಕಿದ್ರೆ ಏನಾಗ್ತೈತೋ ಗೊತ್ತಿಲ್ಲ. ಹೆಬ್ಬಾಗ್ಲ ಪೆಟ್ಟಿಗೆ ಆಚೆ ಕಡೆ ಯಾರಾದ್ರೂ ಅವ್ರೋ ಇಲ್ವೋ, ಅದೂ ಗೊತ್ತಿಲ್ಲ. ಮನೆ ಸಿಗ್ದಿದ್ರೆ ಊರೆಲ್ಲ ನಮ್ಮುನ್ನ ಬೈತೈತೆ.”

ಪಾಲಮ್ಮ ಗೋಡೆಗೆ ಒರಗಿ ಎದ್ದು ಕೂತಳು. ಪಕ್ಕದ ಕೋಣೆಯಿಂದ ಒಂದು ಮಗುವಿನ ಅಳು, ಅದಕ್ಕೆ ಇನ್ನೊಂದರ ಅಳು ಸೇರಿತು. ಯಾವುದು ತನ್ನದೆಂದು ಅವಳು ಕಿವಿಗೊಟ್ಟಳು.

“ನಂದೊಂದನ್ನ ಬಿಡ್ಸಿ ಮಿಕ್ಕಿದ್ದನ್ನ ಅಲ್ಲೇ ಬಿಟ್ರೆ, ದಿನಾ ಅವ್ರ ಮಖ ಹೆಂಗವ್ವ ನೋಡ್ಲಿ? ಅವ್ರೂ ನನ್ ಪಕ್ಕದ ಮಂಚದಾಗೇ ಅವ್ರೆ.” ಮೂಗು ಒರೆಸಿಕೊಂಡಳು. “ಹಾಕು ಹೋಗು. ಅಪ್ಪ ಸತ್ತಾಗ್ಲೇ ಹಾಕ್ಬೇಕಿತ್ತು ನೀನು.”

ಬೋಸಯ್ಯ ಗಾಜಿನಿಂದ ಹಣೆ ತೆಗೆದ. “ನಾಳೆ ಬೆಳಗ್ಗೆ ಸಂಖ್ಯೆ ಬಂದ್ರೆ ನಾನು ಒತ್ತಲ್ಲ ಅತ್ತೆ,” ಎಂದ. ಆಮೇಲೆ, ಎಂದಿನ ದನಿ ತರಲು ನೋಡುತ್ತ, “ಹಿಟ್ಟಾದ್ರೂ ಪಾತ್ರೇಲಿ ನಿಲ್ಲಲಿ,” ಎಂದ.

*

ಮನೆಗೆ ಬಂದು ಸೂರಮ್ಮ ರಾಗಿ ಡಬ್ಬದಿಂದ ಲಕೋಟೆ ತೆಗೆದು ಹಿಟ್ಟು ಒರೆಸಿದಳು. ಪತ್ರ ಬಿಚ್ಚಿದಳು. ಗಂಡನ ಹೆಸರಿದ್ದ ಸಾಲನ್ನು ಅವಳು ಓದಲಿಲ್ಲ. ಕೆಳಗೆ ಜಾಗವಿತ್ತು, ಮಗುವಿನ ವಿಷಯ, ಮಿಕ್ಕ ಮೂರು ಮಕ್ಕಳ ವಿಷಯ ಬರೆದಳು. ಕೊನೆಗೆ ತಾರೀಖಿನ ಜಾಗಕ್ಕೆ ಬಂದಾಗ ಪೆನ್ನು ನಿಂತಿತು. ಗೋಡೆಯ ಗಡಿಯಾರ ಒಂದು ತಾರೀಖು ಹೇಳುತ್ತಿತ್ತು. ಹೊರಗೆ ಇಂದು ಯಾವ ದಿನ, ಬಿಸಿಲೋ ಚಳಿಯೋ, ಅವಳಿಗೆ ತಿಳಿಯದು. ಸ್ವಲ್ಪ ಹೊತ್ತು ಯೋಚಿಸಿ, ದುಂಡಗಿನ ಅಕ್ಷರಗಳಲ್ಲಿ ಬರೆದಳು:

ತಾರೀಖು ಗೊತ್ತಿಲ್ಲ. ಒಂದು ಮೀಟರ್ ದಾರ ನಿಮಿಷಕ್ಕೆ ಮೂವತ್ಮೂರು ಸಲ ತೂಗುವ ದಿನ.

ಹೆಬ್ಬಾಗಿಲ ಹತ್ತಿರ ಹೋಗುವಷ್ಟರಲ್ಲಿ ಏಳನೆಯ ತರಗತಿಯ ಮಕ್ಕಳು ಅಲ್ಲಿದ್ದರು. ಯಾರು ಹೇಳಿದರೋ. ಅವರ ಹಿಂದೆ ನಾಲ್ಕೈದು ಮನೆಯವರೂ ಇದ್ದರು, ಮುಖ ಬಿಗಿದುಕೊಂಡು. “ಸೂರಕ್ಕ, ಇನ್ನು ನೂರೈವತ್ತು...” ಎಂದು ಒಬ್ಬಾಕೆ ಶುರು ಮಾಡಿ, ಚಿನ್ನಕ್ಕನ ಕೈಯಲ್ಲಿದ್ದ ಮೀಟರ್ ಕೋಲು ನೋಡಿ 'ದಿನ' ಅನ್ನುವುದನ್ನು ನುಂಗಿಕೊಂಡಳು.

ಪೆಟ್ಟಿಗೆಯ ಮುಚ್ಚಳ ಒಮ್ಮೆಯೂ ತೆರೆದದ್ದಲ್ಲ. ತುಕ್ಕು ಹಿಡಿದು ಕೂತಿತ್ತು. ಸೂರಮ್ಮ ಒಂದು ಕೈಯಲ್ಲಿ ಎತ್ತಲು ನೋಡಿದಳು, ಆಗಲಿಲ್ಲ. ಚಿನ್ನಕ್ಕ ಕೋಲಿನ ತುದಿ ಸಂದಿಗೆ ಕೊಟ್ಟು ಮೀಟಿದಳು. ಅದು ಕಿರ್ರೆಂದು ಬಾಯಿ ಬಿಟ್ಟಿತು. ಒಳಗಿನ ಕತ್ತಲಿಂದ ತಣ್ಣನೆಯ ಗಾಳಿ ಬಂತು. ಅದಕ್ಕೆ ಒಣಹುಲ್ಲಿನ ವಾಸನೆಯಿತ್ತು.

ಸೂರಮ್ಮ ನೀಲಿ ಲಕೋಟೆಯನ್ನು ಅಂಚಿನ ಮೇಲೆ ಇಟ್ಟು, ಒಂದು ಗಳಿಗೆ ಹಿಡಿದು, ಕೈ ಬಿಟ್ಟಳು. ಅದು ಜಾರುತ್ತ ಹೋಗುವ ಸದ್ದು ಕೇಳಿಸಿತು. ಮಕ್ಕಳು ಅಭ್ಯಾಸಬಲದಿಂದ ಎಣಿಸತೊಡಗಿದರು. ಬಹಳ ಕೆಳಗೆ, ಗೋಡೆಯ ಆಚೆ, ಅದು ಯಾವುದೋ ಗಟ್ಟಿ ನೆಲಕ್ಕೆ ಬಿದ್ದಿತು.